ಉಡಾವಣೆ ಮುಗಿದ ಮೇಲೆ ಉಳಿಯುವ ಅರ್ಧ ದೂರದರ್ಶಕ

ಆಗಸ್ಟ್ 23 ಬಂತೆಂದರೆ ಸಿಂಧನೂರು, ಲಿಂಗಸುಗೂರು, ಮಸ್ಕಿಯ ಶಾಲೆಗಳಲ್ಲಿ ಬಾಹ್ಯಾಕಾಶ ದಿನದ ಗದ್ದಲ. ಥರ್ಮಾಕೋಲ್ ರಾಕೆಟ್ಟು, ಕೆಂಪು ಕಾಗದದ ಬೆಂಕಿ, ಹತ್ತರಿಂದ ಸೊನ್ನೆಯವರೆಗೆ ಮಕ್ಕಳ ಕೂಗು. ರಾಕೆಟ್ ಮೇಲೆ ಹೋಗುವಲ್ಲಿಗೆ ಭಾಷಣವೂ ಮುಗಿಯುತ್ತದೆ. ಮಕ್ಕಳನ್ನು ಬಿಡಿ, ನಮ್ಮ ಪತ್ರಿಕೆಗಳು ಬರೆಯುವುದೂ ಹೀಗೆಯೇ. ಕಕ್ಷೆ ಸೇರಿದರೆ ಗೆದ್ದಂತೆ. ಆಮೇಲೆ ಯಂತ್ರ ತಾನೇ ಫೋಟೊ ಕಳಿಸುತ್ತದೆ, ಕಂಪ್ಯೂಟರಿನವರು ಫೈಲು ಮಾಡಿ ಇಡುತ್ತಾರೆ ಎಂಬುದು ಓದಿದವರಲ್ಲೂ ಬೇರೂರಿದ ನಂಬಿಕೆ. ಬಾಹ್ಯಾಕಾಶ ದೂರದರ್ಶಕದ ಮಟ್ಟಿಗಂತೂ ಇದು ಪೂರ್ತಿ ತಪ್ಪು. ಆ ತಪ್ಪಿನಿಂದ ದುಡ್ಡು, ಮನ್ನಣೆ ಎರಡೂ ತಪ್ಪು ಕಡೆ ಹರಿಯುತ್ತವೆ ಎಂಬುದು ನನ್ನ ತಕರಾರು.

ಆಸ್ಟ್ರೋಸ್ಯಾಟನ್ನೇ ನೋಡಿ. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಹಾರಿ, 650 ಕಿ.ಮೀ. ಎತ್ತರದಲ್ಲಿ ಸುತ್ತತೊಡಗಿದ ನಮ್ಮ ಮೊದಲ ಬಾಹ್ಯಾಕಾಶ ವೀಕ್ಷಣಾಲಯ. ಅದರಲ್ಲಿ ಯುವಿಐಟಿ ಎಂಬ ಅತಿನೇರಳೆ ದೂರದರ್ಶಕವಿದೆ. ಬೆಂಗಳೂರಿನ ಭಾರತೀಯ ತಾರಾಭೌತ ಸಂಸ್ಥೆ, ಅಂದರೆ ಐಐಎ, ಮುಂದೆ ನಿಂತು ಕಟ್ಟಿದ್ದು. ಅದರ ಡಿಟೆಕ್ಟರುಗಳು ಕೆನಡಾದ ಬಾಹ್ಯಾಕಾಶ ಸಂಸ್ಥೆಯ ಸಹಯೋಗದಲ್ಲಿ ಬಂದವು. ಈ ದೂರದರ್ಶಕ ನಮ್ಮ ಮೊಬೈಲಿನಂತೆ ಫೋಟೊ ಕ್ಲಿಕ್ಕಿಸುವುದಿಲ್ಲ. ಸೆಕೆಂಡಿಗೆ ಸುಮಾರು 29 ಚೌಕಟ್ಟು ಓದುತ್ತದೆ. ಒಂದೊಂದು ಚೌಕಟ್ಟಿನಲ್ಲಿ ಅಲ್ಲೊಂದು ಇಲ್ಲೊಂದು ಬೆಳಕಿನ ಚಿಮ್ಮು. ಒಂದು ಚಿಮ್ಮು ಎಂದರೆ ಒಂದು ಫೋಟಾನ್, ಬೆಳಕಿನ ಒಂದು ಕಣ. ಅದರ ನಡುಬಿಂದು ಯಾವುದೆಂದು ಲೆಕ್ಕ ಹಾಕಬೇಕು. ಇಷ್ಟೂ ಹೊತ್ತು ಉಪಗ್ರಹ ಸುಮ್ಮನೆ ನಿಂತಿರುವುದಿಲ್ಲ, ತೂಗಾಡುತ್ತಲೇ ಇರುತ್ತದೆ. ಆ ತೂಗಾಟ ಎಷ್ಟು, ಯಾವ ಕಡೆಗೆ ಎಂದು ಪಕ್ಕದ ಇನ್ನೊಂದು ಕ್ಯಾಮೆರಾ ನಕ್ಷತ್ರಗಳನ್ನು ಹಿಂಬಾಲಿಸಿ ದಾಖಲಿಸುತ್ತದೆ. ಆ ದಾಖಲೆ ಹಿಡಿದು ಪ್ರತಿಯೊಂದು ಫೋಟಾನನ್ನೂ ಅದರ ಸರಿಯಾದ ಜಾಗಕ್ಕೆ ಸರಿಸಬೇಕು, ಡಿಟೆಕ್ಟರಿನ ಡೊಂಕು ತಿದ್ದಬೇಕು, ಲಕ್ಷಾಂತರ ಚುಕ್ಕೆಗಳನ್ನು ಒಂದರ ಮೇಲೊಂದು ಕೂಡಿಸಬೇಕು. ಇದಿಷ್ಟೂ ನೆಲದ ಮೇಲೆ, ಕೋಡಿನಲ್ಲಿ ಆಗುವ ಕೆಲಸ. ಆಗದಿದ್ದರೆ ನಕ್ಷತ್ರ ಇರಬೇಕಾದಲ್ಲಿ ಒಂದು ಗೀಚು ಕಾಣುತ್ತದೆ. ಸುಮಾರು 38 ಸೆಂಟಿಮೀಟರ್ ಅಗಲದ ಕನ್ನಡಿಯ ಸಾಮರ್ಥ್ಯವೆಲ್ಲ ಕೈಗೆ ಸಿಗುವುದು ಇದಾದ ಮೇಲೇ. ಹೀಗಿರುವಾಗ ದೂರದರ್ಶಕದ ಅರ್ಧ ಭಾಗ ನೆಲದ ಮೇಲಿದೆ ಎಂದರೆ ಅತಿಶಯೋಕ್ತಿ ಅನ್ನಬಾರದು.

ಆಕಾಶದಿಂದ ಇಳಿದ ಕಚ್ಚಾ ದತ್ತಾಂಶ ಬೆಂಗಳೂರಿನ ಹೊರವಲಯದ ಬ್ಯಾಲಾಳು ಕೇಂದ್ರ ಸೇರುತ್ತದೆ. ಅಲ್ಲಿ ಒಂದು ಹಂತ ಸೋಸಿ, ಯುವಿಐಟಿಯದನ್ನು ಐಐಎಗೆ, ಕ್ಷ-ಕಿರಣ ಉಪಕರಣಗಳದನ್ನು ಮುಂಬೈ, ಪುಣೆಗಳ ತಂಡಗಳಿಗೆ ಕಳಿಸುತ್ತಾರೆ. ಅವರು ಎರಡನೇ ಹಂತ ಮುಗಿಸಿ ಹಿಂತಿರುಗಿಸಿದ ಮೇಲೆ ಸಂಗ್ರಹಕ್ಕೆ ಹೋಗುತ್ತದೆ. ಈ ಸಾಲಿನಲ್ಲಿ ಒಬ್ಬರು ಕೈಬಿಟ್ಟರೂ ಮೇಲಿನ ಉಪಗ್ರಹ ಸುಮ್ಮನೆ ಸುತ್ತುತ್ತಿರುತ್ತದೆ ಅಷ್ಟೆ.

'ಸರಿ, ಒಂದು ಸಲ ಬರೆದರೆ ಆಯಿತಲ್ಲ, ಸಾಫ್ಟ್‌ವೇರಿಗೇನು ತುಕ್ಕು ಹಿಡಿಯುತ್ತದೆಯೇ?' ಎಂದು ಕೇಳುವವರಿದ್ದಾರೆ. ಹಿಡಿಯುತ್ತದೆ. ಕೋಡು ಒಂದಕ್ಷರ ಬದಲಾಗದಿದ್ದರೂ ಅದರ ಕಾಲ ಕೆಳಗಿನ ನೆಲ ಸರಿಯುತ್ತದೆ. ಪೈಥಾನ್ 2 ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಬೆಂಬಲ 2020ರ ಜನವರಿ 1ಕ್ಕೆ ನಿಂತಿತು. ಎಷ್ಟೋ ಪ್ರಯೋಗಾಲಯಗಳು ನೆಚ್ಚಿಕೊಂಡಿದ್ದ ಸೆಂಟ್‌ಓಎಸ್ 7 ಎಂಬ ಕಾರ್ಯಾಚರಣಾ ವ್ಯವಸ್ಥೆಯ ಆಯಸ್ಸು 2024ರ ಜೂನ್ 30ಕ್ಕೆ ಮುಗಿಯಿತು. ಅತ್ತ ಮೇಲಿರುವ ಉಪಕರಣಕ್ಕೂ ವಯಸ್ಸಾಗುತ್ತದೆ. ಯುವಿಐಟಿಯ ಸಮೀಪ ಅತಿನೇರಳೆ ಚಾನೆಲ್ 2018ರಲ್ಲಿ ಕಣ್ಣು ಮುಚ್ಚಿತು. ಲ್ಯಾಕ್ಸ್‌ಪಿಸಿ ಎಂಬ ಕ್ಷ-ಕಿರಣ ಉಪಕರಣದ ಮೂರು ಎಣಿಕೆ ಪೆಟ್ಟಿಗೆಗಳಲ್ಲಿ ಒಂದರ ಅನಿಲ ಸೋರಿಹೋಯಿತು. ಡಿಟೆಕ್ಟರಿನ ಸ್ವಭಾವ ಬದಲಾದಂತೆಲ್ಲ ಅದನ್ನು ಹೊಸದಾಗಿ ಅಳೆದು, ಆ ಅಳತೆಯನ್ನು ದತ್ತಾಂಶ ಸಂಸ್ಕರಿಸುವ ಕೋಡಿನ ಸರಣಿಗೆ, ಅಂದರೆ ಪೈಪ್‌ಲೈನಿಗೆ ಸೇರಿಸಬೇಕು. ಸೇರಿಸದಿದ್ದರೆ ಸಂಖ್ಯೆಗಳು ಬರುತ್ತಲೇ ಇರುತ್ತವೆ, ಆದರೆ ಸುಳ್ಳು ಸಂಖ್ಯೆಗಳು. ಕೆಟ್ಟು ನಿಂತ ಯಂತ್ರಕ್ಕಿಂತ ಇದು ಅಪಾಯ, ಯಾಕೆಂದರೆ ಯಾರಿಗೂ ಅನುಮಾನ ಬರುವುದಿಲ್ಲ.

ಯುವಿಐಟಿಯ ಪೈಪ್‌ಲೈನ್ ಏಳನೇ ಆವೃತ್ತಿಯವರೆಗೆ ಬಂದಿದೆ. ಕೆನಡಾದ ಕ್ಯಾಲ್ಗರಿಯಲ್ಲಿ ಸಿಸಿಡಿಲ್ಯಾಬ್ ಎಂಬ ಬೇರೆಯದೇ ತಂತ್ರಾಂಶ ಅದೇ ದತ್ತಾಂಶವನ್ನು ತನ್ನ ದಾರಿಯಲ್ಲಿ ಸಂಸ್ಕರಿಸುತ್ತದೆ. ಇದನ್ನು ದುಂದು ಎನ್ನುವವರೂ ಸಿಗುತ್ತಾರೆ. ಒಂದು ತಂತ್ರಾಂಶದ ತಪ್ಪು ಹಿಡಿಯಲು ಇನ್ನೊಂದು ಇರುವುದು ದುಂದಾದರೆ, ಲೆಕ್ಕ ತಪಾಸಣೆಯೂ ದುಂದೇ!

ತಂತ್ರಾಂಶದ ತಪ್ಪಿಗೆ ಉಪಗ್ರಹವನ್ನೇ ತೆತ್ತ ಜಪಾನಿನ ಹಿಟೋಮಿಯ ಕಥೆ ಇನ್ನೂ ಕಹಿ. 2016ರ ಫೆಬ್ರುವರಿ 17ರಂದು ಹಾರಿದ ಈ ಕ್ಷ-ಕಿರಣ ದೂರದರ್ಶಕದ ಸಂಪರ್ಕ ಮಾರ್ಚ್ 26ಕ್ಕೇ ಕಡಿಯಿತು. ತಾನು ತಿರುಗುತ್ತಿದ್ದೇನೆಂದು ಉಪಗ್ರಹದ ನಿಯಂತ್ರಣ ವ್ಯವಸ್ಥೆ ತಪ್ಪು ತಿಳಿಯಿತು. ಅದನ್ನು ಸರಿಪಡಿಸಬೇಕಿದ್ದ ತಳ್ಳುಯಂತ್ರಗಳಿಗೆ ನೆಲದಿಂದ ಕಳಿಸಿದ್ದ ಅಂಕಿಗಳೂ ತಪ್ಪಿದ್ದವು. ಗಿರಗಿರನೆ ತಿರುಗಿ ಸೌರಫಲಕಗಳು ಕಿತ್ತುಹೋದವು. ಉಡಾವಣೆಯಲ್ಲಿ ಲೋಪವಿರಲಿಲ್ಲ.

ನಿರ್ವಹಣೆಯ ಬೆಲೆ ಏನೆಂದು ನಮ್ಮ ಭಾಗದವರಿಗೆ ಬಿಡಿಸಿ ಹೇಳಬೇಕಾಗಿಯೇ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಚೈನು ತುಂಡಾಗಿ ಕೊಚ್ಚಿಹೋದಾಗ ಸಿಂಧನೂರು, ಮಸ್ಕಿಯ ಭತ್ತದ ರೈತರು ನಿದ್ದೆಗೆಟ್ಟರು. ಅಣೆಕಟ್ಟೆ ಕಟ್ಟಿದವರ ಹೆಸರು ಪಠ್ಯದಲ್ಲಿ ಸಿಗುತ್ತದೆ. ಗೇಟಿನ ಚೈನಿಗೆ ಗ್ರೀಸ್ ಹಚ್ಚುವವನ, ಎಡದಂಡೆ ನಾಲೆಯ ಹೂಳು ತೆಗೆಸುವವನ, ಮೈಲ್ 104ರಲ್ಲಿ ಗೇಜ್ ಓದುವವನ ಹೆಸರು ಎಲ್ಲೂ ಇಲ್ಲ. ಕೊನೆ ಭಾಗದ ಹೊಲಕ್ಕೆ ನೀರು ಮುಟ್ಟುತ್ತದೋ ಇಲ್ಲವೋ ಎಂಬುದು ಮಾತ್ರ ಅವರ ಕೈಯಲ್ಲೇ ಇದೆ.

ಎದುರು ವಾದವೊಂದಿದೆ, ಅದನ್ನು ಹಗುರವಾಗಿ ತಳ್ಳುವಂತಿಲ್ಲ. ದುಡ್ಡು ಮಿತವಾದದ್ದು, ಐದು ವರ್ಷ ಬಾಳಲೆಂದು ಮಾಡಿದ ಹಳೆ ಉಪಗ್ರಹದ ಕೋಡಿಗೆ ಸುರಿಯುವ ಬದಲು ಹೊಸದನ್ನು ಹಾರಿಸಬಾರದೇ? ಹಾರಿಸಲಿ. ಆದರೆ ಫಲ ಎಲ್ಲಿಂದ ಬಂತೆಂದು ನೋಡಿ. 2016ರ ಅಕ್ಟೋಬರಿನಲ್ಲಿ ಯುವಿಐಟಿ ಆಕಾಶದ ಒಂದು ತುಣುಕನ್ನು 28 ಗಂಟೆಗೂ ಹೆಚ್ಚು ನೋಡಿತು. ಅದರಲ್ಲಿ ಸಿಕ್ಕ ಮಿಣುಕು ಬೆಳಕು ನಿಜವಾಗಿಯೂ 930 ಕೋಟಿ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಯದೇ ಎಂದು ಖಚಿತಪಡಿಸಿಕೊಳ್ಳಲು ಪುಣೆಯ ಅಯುಕಾ ಸಂಸ್ಥೆಯ ಕನಕ್ ಸಾಹಾ ಅವರ ತಂಡಕ್ಕೆ ಸುಮಾರು ಎರಡು ವರ್ಷ ಹಿಡಿಯಿತು. ಫಲಿತಾಂಶ ಪ್ರಕಟವಾದದ್ದು 2020ರಲ್ಲಿ. ನೋಟ ಗಂಟೆಗಳದ್ದು, ಸೋಸುವಿಕೆ ವರ್ಷಗಳದ್ದು. 1990ರಲ್ಲಿ ಹಾರಿದ ಹಬಲ್‌ನ ಹಳೆ ಸಂಗ್ರಹದಿಂದ ಹೊರಬರುವ ಸಂಶೋಧನಾ ಪ್ರಬಂಧಗಳು ಹೊಸ ವೀಕ್ಷಣೆಗಳದ್ದಕ್ಕಿಂತ ಹೆಚ್ಚು.

ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನ ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಯಾರ ಆರೈಕೆಯೂ ಇಲ್ಲದೆ ಉಳಿಯಿತು. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದು, ಶಾಸನಗಳಲ್ಲಿ ಬರುವ 'ದೇವಾನಾಂಪ್ರಿಯ'ನು ಅಶೋಕನೇ ಎಂಬುದಕ್ಕೆ ನೇರ ಸಾಕ್ಷಿಯಾಯಿತು. ಡಿಸ್ಕಿನ ಮೇಲಿನ ಫೋಟಾನುಗಳಿಗೆ ಆ ಭಾಗ್ಯವಿಲ್ಲ. ಹತ್ತು ವರ್ಷ ಯಾರೂ ಮುಟ್ಟದಿದ್ದರೆ ಫೈಲು ಇದ್ದೂ ಅದನ್ನು ಸಂಸ್ಕರಿಸುವ ಕೋಡು ಓಡುವುದಿಲ್ಲ.

ಇಂಥ ಕೆಲಸ ಮಾಡುವವರನ್ನು ಪ್ರಬಂಧಗಳ ಎಣಿಕೆಯಲ್ಲಿ ತೂಗುವುದು ಅನ್ಯಾಯ. ಬಗ್ ತಿದ್ದಿದ್ದಕ್ಕೆ ಪ್ರಶಸ್ತಿಯಿಲ್ಲ. ತಿದ್ದದಿದ್ದರೆ ಎಲ್ಲರ ಪ್ರಬಂಧವೂ ಸುಳ್ಳು. ಯೋಜನೆಯ ಅಂದಾಜಿನಲ್ಲೇ ಉಪಗ್ರಹ ಸತ್ತ ನಂತರದ ಹತ್ತು ವರ್ಷದ ತಂತ್ರಾಂಶ ನಿರ್ವಹಣೆಗೆ ಹಣ, ಅದನ್ನು ಮಾಡುವವರಿಗೆ ಕಾಯಂ ಹುದ್ದೆ ಇರಬೇಕು.

ಆಸ್ಟ್ರೋಸ್ಯಾಟ್ ಸಂಗ್ರಹ 2018ರಿಂದ ಸಾರ್ವಜನಿಕರಿಗೆ ತೆರೆದಿದೆ, ಉಚಿತವಾಗಿದೆ. ನಮ್ಮ ಮೂರೂ ಊರುಗಳ ಕಾಲೇಜುಗಳ ಭೌತಶಾಸ್ತ್ರ, ಬಿಸಿಎ ಅಧ್ಯಾಪಕರಲ್ಲಿ ಒಂದು ಬಿನ್ನಹ: ಮುಂದಿನ ಆಗಸ್ಟ್ 23ಕ್ಕೆ ಥರ್ಮಾಕೋಲ್ ತರುವ ಬದಲು ಯುವಿಐಟಿಯ ಒಂದೇ ಒಂದು ವೀಕ್ಷಣೆ ಇಳಿಸಿಕೊಂಡು, ಕಚ್ಚಾ ಫೈಲಿನಿಂದ ಚಿತ್ರದವರೆಗೆ ವಿದ್ಯಾರ್ಥಿಗಳ ಕೈಯಲ್ಲೇ ಮಾಡಿಸಿ. ಎಲ್ಲಿ ಕೋಡು ಕೈಕೊಟ್ಟಿತೋ ಅದನ್ನು ಬರೆದು ಯುವಿಐಟಿ ತಂಡಕ್ಕೆ ಕಳಿಸಿ.