ಕನಸಿನ ಫಲ, ಕನಸಿನ ಅರ್ಥ

ಕನಸಿನ ಫಲ ಹೇಳುವ ಸಣ್ಣ ಪುಸ್ತಕ ನಮ್ಮ ಕಡೆ ಜಾತ್ರೆಯ ಅಂಗಡಿಗಳಲ್ಲಿ ಸಿಗುತ್ತದೆ. ಕೆಲವು ಪಂಚಾಂಗಗಳಲ್ಲಿಯೂ ಹಲ್ಲಿ ಬಿದ್ದ ಫಲದ ಹತ್ತಿರವೇ ಅಂಥ ಪಟ್ಟಿ ಉಂಟು. ಬಿಳಿ ಆನೆ ಕಂಡರೆ ಒಳ್ಳೆಯದು, ಮೈಗೆ ಎಣ್ಣೆ ಹಚ್ಚಿದ್ದು ಕಂಡರೆ ಕೆಟ್ಟದು, ಹೀಗೆ. ನಾನು ಅದನ್ನು ಬಹಳ ವರ್ಷ ನಂಬಿದವ. ಈಗ ಅದರ ಮೇಲೆ ನನಗೊಂದು ತಕರಾರು ಉಂಟು. ಅದನ್ನು ಹೇಳಲಿಕ್ಕೆ ಈ ಬರಹ.

ತಕರಾರಿಗೆ ಕಾರಣ ನನ್ನದೇ ಒಂದು ಕನಸು. ಅಮ್ಮ ತೀರಿಹೋದ ಮೇಲೆ ಶುರುವಾದದ್ದು, ವರ್ಷಗಟ್ಟಲೆ ಬಂತು. ನಮ್ಮ ಮನೆ ಎದುರಿನ ಗದ್ದೆ. ಈಗ ಅಲ್ಲಿ ಗದ್ದೆ ಇಲ್ಲ, ಅಡಿಕೆ ತೋಟ. ಮಣ್ಣು ಹಾಕಿಸಿ ಸಸಿ ಇಟ್ಟವ ನಾನೇ. ಕನಸಿನಲ್ಲಿ ಮಾತ್ರ ಗದ್ದೆಯೇ. ಹೆಂಗಸರು ಸಾಲಾಗಿ ಬಗ್ಗಿ ನೇಜಿ ನೆಡುತ್ತಾ ಇರುತ್ತಾರೆ. ಅಮ್ಮ ಹಾಡಿನ ಒಂದು ಸಾಲು ಹೇಳಿ ನಿಲ್ಲಿಸುತ್ತಾಳೆ. ಎಲ್ಲರೂ ಬಗ್ಗಿದಲ್ಲಿಂದಲೇ ನನ್ನ ಮುಖ ನೋಡುತ್ತಾರೆ. ಮುಂದಿನ ಸಾಲು ನಾನು ಹೇಳಬೇಕು. ಬಾಯಿ ತೆರೆದರೆ ಸ್ವರ ಇಲ್ಲ. ಅಷ್ಟಕ್ಕೆ ಎಚ್ಚರ.

ತಿಳಿದವರಲ್ಲಿ ಕೇಳಿದೆ. ಸತ್ತವರು ಪದೇ ಪದೇ ಕಂಡರೆ ಅವರಿಗೆ ತೃಪ್ತಿ ಆಗಲಿಲ್ಲ ಅಂತ ಅರ್ಥ, ಬಡಿಸಬೇಕು ಅಂದರು. ಬಡಿಸಿದೆವು. ಮನಸ್ಸಿಗೆ ಸಮಾಧಾನ ಆದದ್ದು ಸುಳ್ಳಲ್ಲ. ಆದರೆ ಒಂದು ತಿಂಗಳು ಕಳೆಯುವಾಗ ಅದೇ ಗದ್ದೆ, ಅದೇ ಅಮ್ಮ.

ಆಗ ನನಗೆ ಜನ್ನ ಕವಿಯ ‘ಯಶೋಧರ ಚರಿತೆ’ ನೆನಪಾಯಿತು. 1209ರಲ್ಲಿ ಬರೆದ ಕಾವ್ಯ. ನಾನು ಏಳನೇ ಕ್ಲಾಸಿನವ, ಹಳಗನ್ನಡ ಓದಿ ತಿಳಿಯುವ ಶಕ್ತಿ ಇಲ್ಲ. ವಾಚನಾಲಯದಲ್ಲಿ ಮೇಷ್ಟ್ರು ಓದಿ ಅರ್ಥ ಹೇಳಿದ್ದನ್ನು ಕೇಳಿದ್ದೇನೆ. ರಾಣಿ ಅಮೃತಮತಿ ಮಾವುತನ ಹಿಂದೆ ಹೋದದ್ದನ್ನು ರಾಜ ಯಶೋಧರ ಕಣ್ಣಾರೆ ಕಂಡ. ಬೆಳಿಗ್ಗೆ ಮಗನ ಮುಖ ಬಾಡಿದ್ದನ್ನು ತಾಯಿ ಕೇಳಿದಾಗ ನಿಜ ಹೇಳಲಾರದೆ, ಒಂದು ಹಂಸದ ಕನಸು ಕಂಡೆ ಅಂತ ಕಟ್ಟಿ ಹೇಳಿದ. ತಾಯಿ ಅದು ಅಪಶಕುನ, ದೇವಿಗೆ ಬಲಿ ಕೊಡಬೇಕು ಅಂದಳು. ಮಗ ಜೀವಹಿಂಸೆಗೆ ಒಪ್ಪಲಿಲ್ಲ. ಕೊನೆಗೆ ಹಿಟ್ಟಿನ ಕೋಳಿಯನ್ನು ಕಡಿದರು. ಆ ಸಂಕಲ್ಪದ ಪಾಪಕ್ಕೆ ತಾಯಿ ಮಗ ಇಬ್ಬರೂ ಜನ್ಮ ಜನ್ಮ ಪ್ರಾಣಿಗಳಾಗಿ ಅಲೆದರು.

ಅಹಿಂಸೆಯ ಕಥೆ ಅಂತ ಎಲ್ಲರೂ ಹೇಳ್ತಾರೆ, ಸರಿಯೇ. ನನಗೆ ಇನ್ನೊಂದು ಕಾಣ್ತದೆ. ಆ ತಾಯಿ ಕನಸಿಗೆ ಫಲ ಹೇಳಿದಳು, ಪರಿಹಾರ ಹೇಳಿದಳು. ‘ಮಗಾ, ಆ ಹಂಸ ನಿನಗೆ ಯಾರು?’ ಅಂತ ಮಾತ್ರ ಕೇಳಲಿಲ್ಲ. ಕೇಳಿದ್ದರೆ ಅವನು ಅತ್ತುಬಿಡುತ್ತಿದ್ದನೋ ಏನೋ. ನಮ್ಮ ಫಲದ ಪುಸ್ತಕದ ದೋಷವೂ ಇದೇ. ಅದು ಕನಸನ್ನು ನೋಡ್ತದೆ, ಕಂಡವನನ್ನು ನೋಡುವುದಿಲ್ಲ.

ಇದಕ್ಕೆ ಎದುರಾಗಿ ಬಾಣಾಸುರನ ಮಗಳು ಉಷೆಯ ಕಥೆ ಉಂಟು. ಬಯಲಾಟದಲ್ಲಿ ನೋಡಿದವರು ನಮ್ಮಲ್ಲಿ ಬೇಕಾದಷ್ಟು ಜನ. ಕನಸಿನಲ್ಲಿ ಬಂದವನು ಯಾರೆಂದು ಉಷೆಗೆ ಗೊತ್ತಿಲ್ಲ. ಗೆಳತಿ ಚಿತ್ರಲೇಖೆ ಫಲ ಹೇಳಲಿಕ್ಕೆ ಹೋಗಲಿಲ್ಲ. ಒಂದೊಂದೇ ಚಿತ್ರ ಬರೆದು ತೋರಿಸಿ, ‘ಇವನಾ? ಇವನಾ?’ ಅಂತ ಕೇಳಿದಳು. ಅನಿರುದ್ಧನ ಚಿತ್ರ ಬಂದಾಗ ಉಷೆಯೇ ತಲೆ ತಗ್ಗಿಸಿದಳು. ಗುರುತು ಹಿಡಿದದ್ದು ಕನಸು ಕಂಡವಳು, ಬೇರೆಯವರಲ್ಲ. ಕನಸಿನ ಅರ್ಥ ಹೇಳುವ ರೀತಿ ಇದು ಅಂತ ನನ್ನ ಅಭಿಪ್ರಾಯ.

ಅಕ್ಕಮಹಾದೇವಿ ಕನಸು ಕಂಡ ವಚನದಲ್ಲಿ ಅಕ್ಕಿ, ಅಡಿಕೆ, ತೆಂಗಿನಕಾಯಿ ಬರ್ತದೆ. ಫಲದ ಪುಸ್ತಕದವನು ಒಂದೊಂದಕ್ಕೂ ಬೇರೆ ಬೇರೆ ಫಲ ಹೇಳಿಯಾನು. ಅಕ್ಕನಿಗೆ ಅದೆಲ್ಲ ಸೇರಿ ಮದುವೆಯ ಮನೆ. ಭಿಕ್ಷೆಗೆ ಬಂದವನು ಅವಳ ಚೆನ್ನಮಲ್ಲಿಕಾರ್ಜುನನೇ. ಅದೇ ಅಡಿಕೆ ನನ್ನ ಕನಸಿಗೆ ಬಂದರೆ ಕೊಳೆರೋಗದ ಚಿಂತೆ. ವಸ್ತು ಒಂದೇ, ಬದುಕು ಬೇರೆ.

ಪರದೇಶದಲ್ಲಿ ಫ್ರಾಯ್ಡ್ ಎಂಬ ವೈದ್ಯ ಕನಸಿನ ಬಗ್ಗೆ ದೊಡ್ಡ ಪುಸ್ತಕ ಬರೆದದ್ದನ್ನೂ ಮೇಷ್ಟ್ರು ಹೇಳಿದರು. ಅದರ ಮೇಲೆ ಹಾಕಿದ ಇಸವಿ 1900. ಕನಸು ಅಂದರೆ ಆಸೆ ಈಡೇರುವುದು ಅಂತ ಅವನ ವಾದ. ಆದರೆ ಮೊದಲನೇ ಮಹಾಯುದ್ಧದಿಂದ ಬಂದ ಸಿಪಾಯಿಗಳಿಗೆ ಆ ಭಯವೇ ಕನಸಾಗಿ ಮತ್ತೆ ಮತ್ತೆ ಬರ್ತಿತ್ತು. ಅದರಲ್ಲಿ ಎಂತ ಆಸೆ? 1920ರಲ್ಲಿ ಅವನು ತನ್ನ ಮಾತನ್ನು ತಾನೇ ಮತ್ತೊಮ್ಮೆ ಯೋಚಿಸಬೇಕಾಯಿತು. ಅಷ್ಟು ಓದಿದವನಿಗೂ ಒಂದೇ ಸೂತ್ರ ಸಾಲಲಿಲ್ಲ.

ನನ್ನ ಕನಸಿಗೆ ಚಿತ್ರಲೇಖೆ ಆದದ್ದು ನನ್ನ ಹೆಂಡತಿ. ಒಂದು ದಿನ ಅಡಿಕೆ ಸುಲಿಯುತ್ತಾ ಕೇಳಿದಳು: ‘ಅದು ಯಾವ ಹಾಡು ಮಾರಾಯ್ರೆ? ಮುಂದಿನ ಸಾಲು ನಿಮಗೆ ಬರ್ತದಾ?’

ನಾನು ಹೇಳಲಿಕ್ಕೆ ಹೊರಟೆ. ಬರಲಿಲ್ಲ. ಎಚ್ಚರದಲ್ಲೇ ಬರಲಿಲ್ಲ.

ಊರಿನವರು ನನ್ನನ್ನು ಜಾನಪದ ಹಾಡುಗಾರ ಅಂತ ಕರೆದು ಶಾಲು ಹೊದೆಸಿದ್ದಾರೆ. ಶಾಲಾ ವಾರ್ಷಿಕೋತ್ಸವದಲ್ಲಿ ಹತ್ತು ನಿಮಿಷಕ್ಕೆ ತಕ್ಕ ಹಾಗೆ ಪಾಡ್ದನ ಕತ್ತರಿಸಿ ಹಾಡಿದ್ದೇನೆ. ಆದರೆ ಅಮ್ಮ ನಡು ಬಗ್ಗಿಸಿ ಇಡೀ ದಿನ ಹಾಡುತ್ತಿದ್ದ ಹಾಡು ಹೆಂಗಸರ ಕೆಲಸದ ಹಾಡು ಅಂತ ಕಲಿಯಲಿಲ್ಲ. ಗದ್ದೆ ತೋಟ ಆದ ಮೇಲೆ ಅಮ್ಮನಿಗೆ ಹಾಡುವ ಜಾಗವೇ ಇರಲಿಲ್ಲ. ಆಮೇಲೂ ಅವಳು ಬಹಳ ವರ್ಷ ಬದುಕಿದ್ದಳು. ನಾನು ಕೇಳಬಹುದಿತ್ತು, ಕೇಳಲಿಲ್ಲ. ಕನಸಿನಲ್ಲಿ ಅತೃಪ್ತಿ ಇದ್ದದ್ದು ಅವಳಿಗಲ್ಲ, ನನಗೆ. ನನ್ನ ಸಾಲವನ್ನು ನಾನು ಅವಳ ಹೆಸರಿಗೆ ಬರೆದಿದ್ದೆ.

ಬಡಿಸುವುದು ಬೇಡ, ಪಂಚಾಂಗ ಸುಡಿ ಅಂತ ನಾನು ಹೇಳುವುದಿಲ್ಲ. ಹೆದರಿ ಎದ್ದವನಿಗೆ ಇನ್ನೊಬ್ಬರ ಹತ್ತಿರ ಬಾಯಿ ಬಿಡಲಿಕ್ಕೆ ಆ ಪುಸ್ತಕ ಒಂದು ನೆಪ ಆಗ್ತದೆ. ಅದು ದೊಡ್ಡ ಉಪಕಾರವೇ. ಫಲ ಹೇಳಿ ಮಾತು ಮುಗಿಸಬಾರದು, ಇಷ್ಟೇ ನನ್ನ ತಕರಾರು. ಶಾಲೆಯ ಮಕ್ಕಳು ಪುನಃ ಪುನಃ ಒಂದೇ ಕನಸು ಬರ್ತದೆ ಅಂತ ಹೇಳಿದರೆ ಮೇಷ್ಟ್ರುಗಳು, ಟೀಚರಮ್ಮಂದಿರು ನಗಬೇಡಿ, ಫಲವನ್ನೂ ಹೇಳಬೇಡಿ. ‘ಅಲ್ಲಿ ಯಾರಿದ್ದರು? ನೀನೆಂತ ಮಾಡ್ತಾ ಇದ್ದೆ?’ ಅಂತ ಕೇಳಿ.

ಕನಸು ಈಗಲೂ ಬರ್ತದೆ, ಮೊದಲಿನಷ್ಟು ಇಲ್ಲ. ಅಲ್ಲಿ ಇಲ್ಲಿ ಕೇಳಿ ಆ ಹಾಡಿನ ಹನ್ನೊಂದು ಸಾಲು ಒಟ್ಟು ಮಾಡಿದ್ದೇನೆ. ಪೆರಡಾಲ, ನೀರ್ಚಾಲು ಕಡೆಯ ಗದ್ದೆಗಳಲ್ಲಿ ಹಿಂದೆ ನೇಜಿ ನೆಟ್ಟ ಅಕ್ಕಂದಿರು, ಅಜ್ಜಿಯಂದಿರು ಯಾರ ಮನೆಯಲ್ಲಾದರೂ ಇದ್ದರೆ ವಾಚನಾಲಯದಲ್ಲಿ ಒಂದು ಮಾತು ಹೇಳಿ. ನಾನೇ ಬಂದು ಕೇಳಿ ಬರೆದುಕೊಳ್ಳುತ್ತೇನೆ.