ಮಳೆಗಾಲದ ಬೆಣ್ಣೆಹಣ್ಣು

ಹದವಾಗಿ ಮಾಗಿದ ಬೆಣ್ಣೆಹಣ್ಣಿಗೆ ಚಾಕು ಹಾಕಿದರೆ ಸದ್ದೇ ಬರುವುದಿಲ್ಲ. ಸಿಪ್ಪೆ ದಾಟುವಾಗ ಒಂದಿಷ್ಟು ಬಿಗಿ, ಆಮೇಲೆ ಬೀಜಕ್ಕೆ ತಾಗುವವರೆಗೆ ಯಾವ ಅಡ್ಡಿಯೂ ಇಲ್ಲ. ಬೀಜದ ಸುತ್ತ ಚಾಕು ಒಂದು ಸುತ್ತು ಬಂದ ಮೇಲೆ ಎರಡು ಹೋಳನ್ನೂ ಅಂಗೈಯಲ್ಲಿ ಹಿಡಿದು ಎದುರುಬದುರು ತಿರುಚಿ. ಹಣ್ಣು ತಾನಾಗಿ ಬಿಟ್ಟುಕೊಳ್ಳುತ್ತದೆ. ಆಗ ಒಳಗಿನ ಬಣ್ಣವನ್ನು ಒಂದು ಗಳಿಗೆ ನೋಡಬೇಕು. ಸಿಪ್ಪೆಗೆ ಅಂಟಿದ ಅಂಚಿನಲ್ಲಿ ಗಾಢ ಹಸಿರು, ನಡುವೆ ತಿಳಿ ಹಸಿರು, ಬೀಜ ಕುಳಿತ ಗುಳಿಯ ಬಳಿ ಆಗತಾನೇ ಕಡೆದು ತೆಗೆದ ಹಸುವಿನ ಬೆಣ್ಣೆಯ ಹಳದಿ. ಒಂದು ಬಣ್ಣ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂದು ಬೆರಳಿಟ್ಟು ತೋರಿಸಲಾಗದು.

ರುಚಿಯ ಮಾತು ಬಂದಾಗ ಮಾತ್ರ ನಮ್ಮಲ್ಲಿ ಅನೇಕರು ಇದನ್ನು ಸಪ್ಪೆ ಎಂದು ಪಕ್ಕಕ್ಕೆ ಸರಿಸುತ್ತಾರೆ. ಹಣ್ಣೆಂದರೆ ಸಿಹಿ ಇರಬೇಕು, ಇಲ್ಲವೇ ಹುಳಿ ಇರಬೇಕು ಎಂದು ನಮ್ಮ ನಾಲಿಗೆ ಕಲಿತುಬಿಟ್ಟಿದೆ. ಇದರಲ್ಲಿ ಎರಡೂ ಎದ್ದು ಕಾಣುವುದಿಲ್ಲ. ಹಾಗಾಗಿಯೇ ಬೆಂಗಳೂರು, ಮೈಸೂರಿನ ಜ್ಯೂಸ್ ಅಂಗಡಿಗಳಲ್ಲಿ ಬಟರ್ ಫ್ರೂಟ್ ಎಂದರೆ ಹಾಲು, ಸಕ್ಕರೆ, ಐಸ್ ಸೇರಿಸಿ ಮಿಕ್ಸಿಯಲ್ಲಿ ತಿರುಗಿಸಿದ ದಪ್ಪ ಹಸಿರು ಪಾನೀಯ ಎಂದೇ ಆಗಿದೆ. ಆ ಪಾನೀಯದ ಮೇಲೆ ನನಗೆ ಪ್ರೀತಿಯೇ ಇದೆ. ಆದರೆ ಅದನ್ನಷ್ಟೇ ಕುಡಿದವರು ಹಣ್ಣಿನ ತಣ್ಣನೆಯ ಮೈಯನ್ನು ಬಲ್ಲರೇ ಹೊರತು ಅದರ ರುಚಿಯನ್ನಲ್ಲ. ಒಂದು ಹೋಳಿನ ಮೇಲೆ ಚಿಟಿಕೆ ಉಪ್ಪು ಉದುರಿಸಿ, ಎರಡು ಹನಿ ನಿಂಬೆರಸ ಹಿಂಡಿ, ಚಮಚದಲ್ಲಿ ತೆಗೆದು ತಿಂದು ನೋಡಿ. ಉಪ್ಪು ತಾಗಿದ ಕೂಡಲೇ ಅಲ್ಲಿಯವರೆಗೆ ಸುಮ್ಮನಿದ್ದ ತಿರುಳು ಮಾತಾಡತೊಡಗುತ್ತದೆ. ಮೊದಲು ಹಸಿ ಗೋಡಂಬಿಯ ಛಾಯೆ, ಆಮೇಲೆ ಸೊಪ್ಪಿನ ಕಂಪು, ಕೊನೆಗೆ ನಾಲಿಗೆಯ ಹಿಂಬದಿಯಲ್ಲಿ ಬಹಳ ಹೊತ್ತು ಉಳಿಯುವ ನುಣುಪಾದ ಜಿಡ್ಡು. ಈ ಜಿಡ್ಡೇ ಇದರ ರಸ.

ಈ ಮರ ಹುಟ್ಟಿದ್ದು ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಬೆಟ್ಟಗಳಲ್ಲಿ. ಸಸ್ಯಕುಲದಲ್ಲಿ ಇದು ನಮ್ಮ ದಾಲ್ಚಿನ್ನಿಯ ಬಂಧು. ಎರಡೂ ಲಾರೇಸಿ ಕುಟುಂಬದವು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಸಿಲೋನ್ ಮಾರ್ಗವಾಗಿ ಭಾರತಕ್ಕೆ ಬಂದಿತೆಂದು ತೋಟಗಾರಿಕೆಯ ಪುಸ್ತಕಗಳು ಹೇಳುತ್ತವೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಅದಕ್ಕೆ ಒಳ್ಳೆಯ ನೆಲೆ ಸಿಕ್ಕಿತು. ಇದರ ಬೇರು ನಿಂತ ನೀರನ್ನು ಸಹಿಸುವುದಿಲ್ಲ, ಬೇಗ ಕೊಳೆರೋಗಕ್ಕೆ ತುತ್ತಾಗುತ್ತದೆ. ಎಷ್ಟೇ ಮಳೆ ಹೊಯ್ದರೂ ನೀರು ಇಳಿದುಹೋಗುವ ಬೆಟ್ಟದ ಇಳಿಜಾರು ಅದಕ್ಕೆ ಬೇಕಾಗಿತ್ತು. ಕಾಫಿ ಗಿಡಗಳ ನಡುವೆ, ಕರಿಮೆಣಸಿನ ಬಳ್ಳಿ ಹಬ್ಬಿದ ಮರಗಳ ಪಕ್ಕದಲ್ಲಿ, ಯಾರೋ ತಿಂದು ಎಸೆದ ಬೀಜದಿಂದಲೇ ಹುಟ್ಟಿ ಬೆಳೆದ ಮರಗಳು ಎಷ್ಟೋ.

ಇದರ ಹೂವಿನ ನಡತೆ ನನಗೆ ಹಣ್ಣಿನಷ್ಟೇ ಇಷ್ಟ. ಒಂದೊಂದು ಹೂವೂ ಎರಡು ಸಲ ಅರಳುತ್ತದೆ. ಮೊದಲ ಸಲ ಹೆಣ್ಣಾಗಿ ಅರಳಿ ಮುಚ್ಚಿಕೊಳ್ಳುತ್ತದೆ, ಎರಡನೇ ಸಲ ಗಂಡಾಗಿ ತೆರೆದು ಪರಾಗ ಕೊಡುತ್ತದೆ. ಕೆಲವು ಮರಗಳಲ್ಲಿ ಹೆಣ್ಣಿನ ಹೊತ್ತು ಬೆಳಗ್ಗೆ, ಗಂಡಿನ ಹೊತ್ತು ಮರುದಿನ ಮಧ್ಯಾಹ್ನ. ಇನ್ನು ಕೆಲವದರಲ್ಲಿ ಹೆಣ್ಣಿನ ಹೊತ್ತು ಮಧ್ಯಾಹ್ನ, ಗಂಡಿನ ಹೊತ್ತು ಮರುದಿನ ಬೆಳಗ್ಗೆ. ಎರಡೂ ಬಗೆಯ ಮರಗಳು ಅಕ್ಕಪಕ್ಕದಲ್ಲಿದ್ದು, ಜೇನುನೊಣ ಓಡಾಡಿದರೆ ಫಸಲು ಚೆನ್ನ. ಇಷ್ಟಾಗಿಯೂ ಸಾವಿರ ಹೂವಿಗೆ ಒಂದು ಕಾಯಿ ನಿಂತರೆ ಹೆಚ್ಚು.

ಹೀಗೆ ಒಂದು ಮರದ ಪರಾಗ ಇನ್ನೊಂದಕ್ಕೆ ಬೀಳುವುದರಿಂದ ಬೀಜದಿಂದ ಎದ್ದ ಮರ ತಾಯಿಮರದಂತೆ ಇರುವುದಿಲ್ಲ. ಒಂದೇ ತೋಟದ ಹತ್ತು ಮರಗಳಲ್ಲಿ ಹತ್ತು ಬಗೆಯ ಹಣ್ಣು. ಒಂದು ಉದ್ದ ಕತ್ತಿನದು, ಒಂದು ಚೆಂಡಿನಷ್ಟು ಗುಂಡು. ಒಂದರ ಸಿಪ್ಪೆ ಹೊಳೆಯುವ ಹಸಿರು, ಇನ್ನೊಂದು ಮಾಗಿದಾಗ ನೇರಳೆಗೆ ತಿರುಗುತ್ತದೆ. ಒಂದರಲ್ಲಿ ನಾರು, ಒಂದರಲ್ಲಿ ನೀರು, ಇನ್ನೊಂದರಲ್ಲಿ ಬಾಯಿಗಿಟ್ಟರೆ ಕರಗುವ ಕೊಬ್ಬು. ಮಲೆನಾಡಿನವರು ಅಪ್ಪೆಮಿಡಿಯ ಮರಗಳನ್ನು ಹೆಸರು ಹಿಡಿದು ಗುರುತಿಸುತ್ತಾರೆ, ಅನಂತಭಟ್ಟನ ಅಪ್ಪೆ ಎಂದರೆ ಉಪ್ಪಿನಕಾಯಿ ಬಲ್ಲವರ ಕಣ್ಣು ಅರಳುತ್ತದೆ. ಬೆಣ್ಣೆಹಣ್ಣಿಗೂ ಅಂಥ ಮರ್ಯಾದೆ ಸಲ್ಲಬೇಕೆಂದು ನನ್ನ ಬಯಕೆ. ಕೊಡಗಿನ ಚೆಟ್ಟಳ್ಳಿಯಲ್ಲಿರುವ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರ ಈ ಕೆಲಸಕ್ಕೆ ಕೈ ಹಾಕಿ ಅರ್ಕಾ ಸುಪ್ರೀಂ, ಅರ್ಕಾ ಕೂರ್ಗ್ ರವಿ ಎಂಬ ತಳಿಗಳನ್ನು ಹೊರತಂದಿದೆ. ಆದರೆ ಇನ್ನೂ ಹೆಸರಿಲ್ಲದೆ ನಿಂತಿರುವ ಒಳ್ಳೆಯ ಮರಗಳು ತೋಟಗಳಲ್ಲಿವೆ.

ಈ ಮಾತಿಗೆ ಅಮೆರಿಕದ ಒಂದು ಮರವೇ ಸಾಕ್ಷಿ. ಸೂಪರ್‌ಮಾರ್ಕೆಟ್ಟಿನಲ್ಲಿ ಸಿಗುವ, ಮಾಗಿದಾಗ ಕಪ್ಪಗಾಗುವ, ತರಕಲು ಸಿಪ್ಪೆಯ ಸಣ್ಣ ಹಣ್ಣಿದೆಯಲ್ಲ, ಅದು ಹ್ಯಾಸ್ ತಳಿ. ಕ್ಯಾಲಿಫೋರ್ನಿಯಾದ ಲಾ ಹಬ್ರಾ ಹೈಟ್ಸ್‌ನಲ್ಲಿ ರುಡಾಲ್ಫ್ ಹ್ಯಾಸ್ ಎಂಬ ಅಂಚೆಯಣ್ಣನ ಹಿತ್ತಿಲಲ್ಲಿ ಬೀಜದಿಂದ ಎದ್ದ ಗಿಡ ಅದು. 1935ರಲ್ಲಿ ಆತ ಅದಕ್ಕೆ ಪೇಟೆಂಟ್ ಪಡೆದ. ಇವತ್ತು ಜಗತ್ತಿನ ಎಲ್ಲ ಹ್ಯಾಸ್ ಮರಗಳೂ ಆ ಒಂದು ಮರದ ಕಸಿಯ ಸಂತಾನ. ತಾಯಿಮರ 2002ರಲ್ಲಿ ಸತ್ತಿತು.

ಹ್ಯಾಸ್ ಒಳ್ಳೆಯ ಹಣ್ಣು. ದಪ್ಪ ಸಿಪ್ಪೆಯಾದ್ದರಿಂದ ದೂರ ಪ್ರಯಾಣ ತಾಳುತ್ತದೆ, ಕೊಬ್ಬು ಹೆಚ್ಚಿರುವುದರಿಂದ ತಿರುಳು ಗಟ್ಟಿಯಾಗಿ ಕೂರುತ್ತದೆ. ಆದರೆ ಅದನ್ನೇ ಅಳತೆಗೋಲು ಮಾಡಿಕೊಂಡು ನಮ್ಮ ದೊಡ್ಡ ಹಸಿರು ಹಣ್ಣನ್ನು ಕೀಳೆಂದು ಕರೆಯುವುದು ಸರಿಯಲ್ಲ. ನಮ್ಮಲ್ಲಿ ಬಹುಪಾಲು ಬೆಚ್ಚನೆಯ ಹವೆಗೆ ಒಗ್ಗಿದ ವೆಸ್ಟ್ ಇಂಡಿಯನ್ ಬಗೆಯ ರಕ್ತವಿರುವ ಮರಗಳು. ಕೊಬ್ಬು ಕಡಿಮೆ, ನೀರು ಹೆಚ್ಚು, ಒಂದು ನವಿರಾದ ಸಿಹಿ. ಆ ಹಗುರತನವೇ ಊಟದ ಜೊತೆಗೆ ಅದನ್ನು ಒಗ್ಗಿಸುತ್ತದೆ. ಹ್ಯಾಸ್ ಅರ್ಧ ತಿಂದರೆ ಹೊಟ್ಟೆ ತುಂಬಿತು ಅನ್ನಿಸುತ್ತದೆ, ಇದು ಇನ್ನೊಂದು ಹೋಳು ಬೇಡುತ್ತದೆ.

ಪೋಷಕಾಂಶದ ಲೆಕ್ಕದಲ್ಲೂ ಈ ವ್ಯತ್ಯಾಸ ಕಾಣುತ್ತದೆ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯಲ್ಲಿ 100 ಗ್ರಾಂ ಕ್ಯಾಲಿಫೋರ್ನಿಯಾ ಹಣ್ಣಿಗೆ 167 ಕ್ಯಾಲೊರಿ, ಸುಮಾರು 15 ಗ್ರಾಂ ಕೊಬ್ಬು. ನಮ್ಮದಕ್ಕೆ ಹತ್ತಿರದ ಬಂಧುವಾದ ಫ್ಲಾರಿಡಾದ ಹಸಿರು ಹಣ್ಣಿಗೆ 120 ಕ್ಯಾಲೊರಿ, ಸುಮಾರು 10 ಗ್ರಾಂ ಕೊಬ್ಬು. ಎರಡರಲ್ಲೂ ಕೊಬ್ಬಿನ ದೊಡ್ಡ ಪಾಲು ಒಲೀಕ್ ಆಮ್ಲ, ಆಲಿವ್ ಎಣ್ಣೆಯನ್ನು ಹೃದಯಕ್ಕೆ ಹಿತ ಎನ್ನುವುದು ಯಾವುದರಿಂದಲೋ ಅದೇ. ನಾರು ಆರು ಗ್ರಾಮಿನ ಆಸುಪಾಸು, ಹಣ್ಣುಗಳ ಪೈಕಿ ಇದು ದೊಡ್ಡ ಮೊತ್ತ. ಪೊಟ್ಯಾಶಿಯಂ ಬಾಳೆಹಣ್ಣಿನಲ್ಲಿ 100 ಗ್ರಾಮಿಗೆ ಸುಮಾರು 358 ಮಿಲಿಗ್ರಾಂ ಇದ್ದರೆ ಹ್ಯಾಸ್‌ನಲ್ಲಿ 500 ದಾಟುತ್ತದೆ, ಫ್ಲಾರಿಡಾದ್ದರಲ್ಲಿ ಬಾಳೆಹಣ್ಣಿನಷ್ಟೇ ಇದೆ. ಫೋಲೇಟ್, ಇ ಮತ್ತು ಕೆ ಜೀವಸತ್ವಗಳೂ ಇವೆ. ಸಕ್ಕರೆ ಮಾತ್ರ ಅತ್ಯಲ್ಪ. ಮಧುಮೇಹ ಇರುವವರು ಹೆದರದೆ ತಿನ್ನಬಹುದಾದ ಅಪರೂಪದ ಹಣ್ಣಿದು. ಅಂಥದ್ದಕ್ಕೆ ನಾವು ನಾಲ್ಕು ಚಮಚ ಸಕ್ಕರೆ ಸುರಿಯುತ್ತೇವೆ ಎಂಬುದು ನನ್ನ ಸಂಕಟ.

ಇದರ ಕೊಬ್ಬಿಗೆ ಇನ್ನೊಂದು ಗುಣವಿದೆ. ಕ್ಯಾರೆಟ್, ಟೊಮೆಟೊ, ಸೊಪ್ಪುಗಳಲ್ಲಿರುವ ಕೆರೋಟಿನ್‌ಗಳು ಕೊಬ್ಬಿಲ್ಲದೆ ಮೈಗೆ ಹತ್ತುವುದು ಕಡಿಮೆ. ಹಸಿ ತರಕಾರಿಯ ಜೊತೆ ಬೆಣ್ಣೆಹಣ್ಣು ತಿಂದಾಗ ಅವು ಹಲವು ಪಟ್ಟು ಹೆಚ್ಚು ಹೀರಿಕೆಯಾಗುತ್ತವೆ. ಹಣ್ಣಿನದೇ ಕೆರೋಟಿನ್‌ಗಳು ಹೆಚ್ಚಾಗಿ ಇರುವುದು ಸಿಪ್ಪೆಗೆ ಅಂಟಿದ ಆ ಗಾಢ ಹಸಿರು ಪದರದಲ್ಲಿ. ಚಮಚದಲ್ಲಿ ಬಾಚಿದರೆ ಅದು ಸಿಪ್ಪೆಯಲ್ಲೇ ಉಳಿಯುತ್ತದೆ. ಹೋಳನ್ನು ಮತ್ತೆ ಎರಡಾಗಿ ಸೀಳಿ ಬೆರಳಿನಿಂದ ಸಿಪ್ಪೆ ಸುಲಿದರೆ ಪೂರ್ತಿ ಸಿಗುತ್ತದೆ.

ಇಷ್ಟು ಹೇಳಿದ ಮೇಲೆ ಅತಿಯಾಸೆಗೆ ಕಡಿವಾಣವನ್ನೂ ಹಾಕಬೇಕು. ಅಮೆರಿಕದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಸುಮಾರು 30 ವರ್ಷ ಗಮನಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೆ ಎರಡು ಪಾಲು ತಿನ್ನುವವರಲ್ಲಿ ಹೃದ್ರೋಗ ಕಡಿಮೆ ಕಂಡಿತು. ಬೆಣ್ಣೆ, ಚೀಸ್, ಸಂಸ್ಕರಿಸಿದ ಮಾಂಸದ ಬದಲಿಗೆ ಇದನ್ನು ತಿಂದರೆ ಲಾಭ ಎಂಬುದು ಅದರ ತಿರುಳು. ಅದೇ ವರ್ಷ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಆರು ತಿಂಗಳು ದಿನಕ್ಕೊಂದು ಹಣ್ಣು ತಿಂದವರ ಹೊಟ್ಟೆಯ ಬೊಜ್ಜೇನೂ ಕರಗಲಿಲ್ಲ. ತುಪ್ಪದ ಜೊತೆಗೆ ಇದೂ ಇರಲಿ ಎಂದರೆ ಪ್ರಯೋಜನವಿಲ್ಲ. ತುಪ್ಪದ ಜಾಗದಲ್ಲಿ ಇದಿರಲಿ ಎಂದರೆ ಉಂಟು. ಮೂತ್ರಪಿಂಡದ ತೊಂದರೆಯಿಂದ ಪೊಟ್ಯಾಶಿಯಂ ಮಿತಿ ಇರುವವರು ವೈದ್ಯರನ್ನು ಕೇಳಿಯೇ ತಿನ್ನಬೇಕು. ಮನೆಯಲ್ಲಿ ಹಸು, ಆಡು, ಗಿಳಿ ಇದ್ದರೆ ಇದರ ಎಲೆ, ಸಿಪ್ಪೆ, ಬೀಜ ಅವುಗಳ ಬಾಯಿಗೆ ಸಿಗದಂತೆ ನೋಡಿಕೊಳ್ಳಿ. ಅದರಲ್ಲಿರುವ ಪರ್ಸಿನ್ ಎಂಬ ವಸ್ತು ಅವಕ್ಕೆ ವಿಷ.

ಆರಿಸುವಾಗ ತಾಳ್ಮೆ ಬೇಕು. ಈ ಹಣ್ಣು ಮರದಲ್ಲಿ ಬಲಿಯುತ್ತದೆ, ಮಾಗುವುದು ಕೊಯ್ದ ಮೇಲೆಯೇ. ಅಂಗಡಿಯಲ್ಲಿ ಗಟ್ಟಿಯಾಗಿರುವುದನ್ನು ತಂದು ಅಕ್ಕಿ ಡಬ್ಬದಲ್ಲಿ ಹೂತಿಡುವುದು ಒಳ್ಳೆಯ ಪದ್ಧತಿ. ಬೇಗ ಬೇಕಿದ್ದರೆ ಕಾಗದದ ಚೀಲದಲ್ಲಿ ಒಂದು ಬಾಳೆಹಣ್ಣಿನ ಜೊತೆ ಇಡಿ, ಬಾಳೆಹಣ್ಣು ಬಿಡುವ ಎಥಿಲೀನ್ ಅದನ್ನು ಮಾಗಿಸುತ್ತದೆ. ಕಾಯಿಯಿದ್ದಾಗಲೇ ಫ್ರಿಜ್‌ಗೆ ಹಾಕಬೇಡಿ. ತೊಟ್ಟಿನ ಹತ್ತಿರ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರೆ ತುಸು ಬಾಗಬೇಕು, ಗುಳಿ ಬೀಳಬಾರದು. ಆ ಹದ ಒಂದೋ ಎರಡೋ ದಿನವಷ್ಟೇ ನಿಲ್ಲುತ್ತದೆ. ಸೀಳಿದ ಮೇಲೆ ಗಾಳಿ ತಾಗಿ ಕಂದಾಗುವುದನ್ನು ನಿಂಬೆರಸ ತಡಮಾಡುತ್ತದೆ, ನಿಲ್ಲಿಸುವುದಿಲ್ಲ. ತಿನ್ನುವ ಹೊತ್ತಿಗೇ ಸೀಳುವುದು ಲೇಸು.

ಇನ್ನು ಊಟದ ಎಲೆಗೆ ಬರೋಣ. ನನ್ನ ಮಟ್ಟಿಗೆ ಬೆಣ್ಣೆಹಣ್ಣಿನ ನಿಜವಾದ ಜೊತೆಗಾರ ಅಕ್ಕಿರೊಟ್ಟಿ. ತಿರುಳನ್ನು ಪೂರ್ತಿ ನುಣ್ಣಗೆ ಮಾಡದೆ ಅಲ್ಲಲ್ಲಿ ಗಂಟು ಉಳಿಯುವಂತೆ ಕೈಯಲ್ಲೇ ಕಿವುಚಬೇಕು. ಸಣ್ಣಗೆ ಹೆಚ್ಚಿದ ಈರುಳ್ಳಿ, ಜಜ್ಜಿದ ಗಾಂಧಾರಿ ಮೆಣಸು, ಕೊತ್ತಂಬರಿ ಸೊಪ್ಪು, ಉಪ್ಪು, ನಿಂಬೆರಸ. ಕೊಡಗಿನ ಮನೆಯಾದರೆ ನಿಂಬೆಯ ಬದಲು ಕಾಚಂಪುಳಿಯ ಮೂರು ಹನಿ ಹಾಕಿ. ಹಂದಿಕರಿಗೆ ಆಳ ಕೊಡುವ ಆ ಕಪ್ಪು ಹುಳಿ ಇಲ್ಲಿ ಜಿಡ್ಡನ್ನು ಹಿಡಿದು ನಿಲ್ಲಿಸುತ್ತದೆ. ಬಿಸಿ ರೊಟ್ಟಿಯ ಗರಿಗರಿ ಅಂಚಿನಲ್ಲಿ ತಣ್ಣನೆಯ ಈ ಹಸಿರನ್ನು ಎತ್ತಿಕೊಂಡಾಗ ಬಾಯಲ್ಲಿ ಬಿಸಿಯೂ ತಂಪೂ ಗರಿಯೂ ನುಣುಪೂ ಒಟ್ಟಿಗೆ ಸಿಗುತ್ತವೆ. ಮೆಕ್ಸಿಕೋದವರು ಮೆಕ್ಕೆಜೋಳದ ರೊಟ್ಟಿಯ ಜೊತೆ ಗ್ವಾಕಮೋಲೆ ತಿನ್ನುವುದೂ ಹೆಚ್ಚುಕಡಿಮೆ ಹೀಗೆಯೇ. ನಮ್ಮ ಈ ಕಿವುಚಿದ ಹಣ್ಣಿನ ಮೇಲೆ ಅದು ಬೆಳೆದ ತೋಟದ್ದೇ ಕರಿಮೆಣಸನ್ನು ಒರಟಾಗಿ ಕುಟ್ಟಿ ಉದುರಿಸಿದರೆ ಬೇರೇನೂ ಬೇಡ.

ಹೆಸರುಬೇಳೆ ಕೋಸಂಬರಿಗೆ ಕ್ಯಾರೆಟ್ ತುರಿಯುವಾಗ ಇದರ ನಾಲ್ಕಾರು ಹೋಳು ಸೇರಿಸಿ. ಮೊಸರಿನಲ್ಲಿ ಕಿವುಚಿ, ಶುಂಠಿ, ಜೀರಿಗೆ ಹಾಕಿ ತಂಬುಳಿ ಮಾಡಿದರೆ ಅನ್ನಕ್ಕೆ ಸೊಗಸು. ಒಂದು ಎಚ್ಚರ: ಈ ತಿರುಳು ಕಾದರೆ ಕಹಿಯಾಗುತ್ತದೆ. ಸಾಸಿವೆ, ಕರಿಬೇವಿನ ಒಗ್ಗರಣೆಯನ್ನು ಆರಿಸಿಯೇ ಹಾಕಬೇಕು, ಕುದಿಸುವ ಯೋಚನೆಯನ್ನಂತೂ ಬಿಡಬೇಕು.

ಸಿಹಿಯೇ ಬೇಕೆನ್ನುವವರನ್ನು ನಾನು ತಡೆಯುವುದಿಲ್ಲ. ಬ್ರೆಜಿಲ್‌ನವರು ಇದನ್ನು ಹಾಲು ಸಕ್ಕರೆಯಲ್ಲಿ ಕಡೆದು ಕುಡಿಯುತ್ತಾರೆ, ವಿಯೆಟ್ನಾಮಿನವರು ಸಿಹಿಯಾದ ಗಟ್ಟಿಹಾಲು ಬೆರೆಸುತ್ತಾರೆ, ಇಂಡೋನೇಷ್ಯಾದವರು ಚಾಕೊಲೇಟ್ ಪಾಕ ಸುರಿಯುತ್ತಾರೆ. ನಮ್ಮ ಜ್ಯೂಸ್ ಅಂಗಡಿಯವರು ದೊಡ್ಡ ಬಳಗಕ್ಕೇ ಸೇರಿದವರು. ಆದರೆ ನಮ್ಮ ಮನೆಗಳಲ್ಲಿ ಇನ್ನೂ ಚೆಂದದ ದಾರಿಯಿದೆ: ರಸಾಯನ. ತೆಂಗಿನಕಾಯಿಯ ಮೊದಲ ಹಾಲು, ಜೋನಿಬೆಲ್ಲ, ಏಲಕ್ಕಿ ಪುಡಿ, ಚಿಟಿಕೆ ಉಪ್ಪು, ಅದರಲ್ಲಿ ಹೋಳುಗಳು. ಬೆಲ್ಲವನ್ನು ಹಿಡಿತದಲ್ಲಿ ಹಾಕಿದರೆ ಹಣ್ಣು ಮುಳುಗದೆ ಉಳಿಯುತ್ತದೆ. ಕಾಯಿಹಾಲಿನ ಜಿಡ್ಡು ಬೇರೆ, ಇದರ ಜಿಡ್ಡು ಬೇರೆ. ಒಂದು ನಾಲಿಗೆಯಿಂದ ಬೇಗ ಇಳಿಯುತ್ತದೆ, ಇನ್ನೊಂದು ಉಳಿಯುತ್ತದೆ. ಆ ಎರಡರ ನಡುವೆ ಏಲಕ್ಕಿ ಸುಳಿಯುವುದನ್ನು ಸವಿಯಲು ಅವಸರ ಮಾಡದೆ ತಿನ್ನಬೇಕು.

ಈ ಮಳೆಗಾಲದಲ್ಲಿ ಮಡಿಕೇರಿಯ ಕಡೆಗೋ ಮೂಡಿಗೆರೆಯ ಕಡೆಗೋ ಹೋದರೆ ರಸ್ತೆಬದಿಯಲ್ಲಿ ತೋಟದ ಹಣ್ಣು ಮಾರುವವರ ಬಳಿ ನಿಲ್ಲಿ. ಒಂದೇ ಮರದ ಹಣ್ಣುಗಳನ್ನು ಕೇಳಿ ಕೊಳ್ಳಿ, ಮನೆಯಲ್ಲಿ ಮಾಗಿಸಿ, ಮೊದಲು ಬರೀ ಉಪ್ಪಿನ ಜೊತೆ ರುಚಿ ನೋಡಿ. ನಾರಿಲ್ಲದ, ತಿರುಳು ತುಂಬಿದ, ರುಚಿ ಉಳಿಯುವ ಹಣ್ಣು ಸಿಕ್ಕಿದರೆ ಮಾರಿದವರಿಗೆ ತಪ್ಪದೆ ಹೇಳಿ, ಆ ಮರದ ಕಡ್ಡಿ ತೆಗೆದು ಕಸಿ ಕಟ್ಟಿಸಲು ಒತ್ತಾಯಿಸಿ. ಬೀಜ ನೆಟ್ಟರೆ ಅದೇ ಹಣ್ಣು ಮತ್ತೆ ಸಿಗುವುದಿಲ್ಲ.