ಹಟವಲ್ಲ, ದಾಟುವ ಕಷ್ಟ

‘ನಾಕು ಮಂದ್ಯಾಗ ಬಿಡ್ರಿ, ತಾನ ಸರಿ ಆಗ್ತಾನ.’ ಆಟಿಸಂ, ಎಡಿಎಚ್‌ಡಿ ಎರಡೂ ಇರುವ ಮಗುವಿನ ತಾಯಿಗೆ ಕಲಬುರಗಿಯಲ್ಲಿ ಧಾರಾಳವಾಗಿ ಸಿಗುವ ಸಲಹೆ ಇದು. ತೊಗರಿ ಸುಗ್ಗಿಯ ನೆಹರು ಗಂಜ್ ಮಾರುಕಟ್ಟೆಯಲ್ಲಿ ಲಾರಿಗಳ ಹಾರ್ನ್, ಹಮಾಲರ ಕೂಗು, ದೂಳಿನ ನಡುವೆ ತಿರುಗಾಡಿಸಿದರೆ ಮಗು ಬದಲಾವಣೆಗೆ ಒಗ್ಗುತ್ತದೆಂಬ ನಂಬಿಕೆ ಅದರ ಹಿಂದಿದೆ. ಈ ನಂಬಿಕೆ ತಪ್ಪು.

ಇದ್ದದ್ದು ಇದ್ದಂತೆಯೇ ಇರಬೇಕೆಂಬ ಆಟಿಸಂ ಮಕ್ಕಳ ತೀವ್ರ ಹಂಬಲವನ್ನು ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲೇ ದಾಖಲಿಸಿದರು. ಅದು ಮುದ್ದಿನಿಂದ ಬಂದ ಹಟವಲ್ಲ. ಎಡಿಎಚ್‌ಡಿಯ ತೊಡಕು ಬೇರೆ: ಮುಳುಗಿದ ಕೆಲಸ ಬಿಡಲಾಗದು, ಮುಂದಿನದನ್ನು ಹಿಡಿಯಲಾಗದು, ಹೊತ್ತು ಹೋದದ್ದು ತಿಳಿಯದು. ಎರಡೂ ಕೂಡಿದಾಗ ಮಗುವಿಗೆ ಹೊಸತು ಭಯ, ಹಳತು ಬೇಸರ. 2013ರವರೆಗೆ ಅಮೆರಿಕದ ಮನೋವೈದ್ಯರ ಕೈಪಿಡಿ ಇವೆರಡನ್ನೂ ಒಬ್ಬರಲ್ಲಿ ಗುರುತಿಸಲು ಒಪ್ಪುತ್ತಿರಲಿಲ್ಲ.

ಎರಡೂ ಒಟ್ಟಿಗೆ ಇರುವುದರಿಂದಲೇ ‘ಕಟ್ಟುನಿಟ್ಟಿನ ಟೈಮ್‌ಟೇಬಲ್ ಹಾಕಿ’ ಎಂಬ ಇನ್ನೊಂದು ಸಲಹೆಯೂ ಅರ್ಧ ಮಾತ್ರ ಸರಿ. ಗೋಡೆಯ ಪಟ್ಟಿ ಕೆಲವೇ ದಿನಗಳಲ್ಲಿ ಹಳಸಿ ಕಣ್ಣಿಗೆ ಬೀಳದಂತಾಗುತ್ತದೆ. ಶಾಲೆಯ ಬಸ್ ತಡವಾದರೆ ಇಡೀ ದಿನ ಕುಸಿಯುತ್ತದೆ. ಆರೈಕೆ ಬೇಕಿರುವುದು ಎರಡು ಕೆಲಸಗಳ ನಡುವಿನ ಹೊತ್ತಿಗೆ. ಮುಂದೇನೆಂದು ಮೊದಲೇ ಹೇಳಬೇಕು. ಉಳಿದ ಸಮಯ ಕಣ್ಣಿಗೆ ಕಾಣಬೇಕು. ಮರಳು ಗಡಿಯಾರವೂ ಸಾಕು. ಕೈಯಲ್ಲಿರುವುದನ್ನು ಒಂದು ಹಂತಕ್ಕೆ ಮುಟ್ಟಿಸಲು ಬಿಡಬೇಕು. ಕ್ರಮ ಬದಲಾಗದಿರಲಿ, ಅದರೊಳಗೆ ಆಯ್ಕೆ ಇರಲಿ: ಊಟದ ನಂತರ ಓದು ಖಚಿತ, ಯಾವ ಪುಸ್ತಕ ಎಂಬುದು ಮಗುವಿನ ಇಷ್ಟ.

ಗಂಜ್‌ನ ವ್ಯಾಪಾರವೇ ಹೀಗೆ ನಡೆಯುತ್ತದೆ. ರೈತನ ತೊಗರಿ ಒಂದೇ ನೆಗೆತಕ್ಕೆ ದಾಲ್ ಮಿಲ್ ಸೇರುವುದಿಲ್ಲ. ಲಾಟ್, ಟೆಂಡರ್, ತೂಕ, ಬಿಲ್ಲು. ಪ್ರತಿ ಹಂತದಲ್ಲೂ ಮುಂದಿನದು ಯಾವುದೆಂದು ಎಲ್ಲರಿಗೂ ಗೊತ್ತು. ಕಾಳಿಗೆ ಕೊಡುವ ಈ ಹಂತಗಳನ್ನು ಮಗುವಿಗೆ ಕೊಡದೆ, ‘ನಡಿ’ ಎಂದು ರಟ್ಟೆ ಹಿಡಿದು ಎಳೆಯುತ್ತೇವೆ.

‘ಲೋಕ ಅವನಿಗಾಗಿ ಕಾಯ್ತದೇನು?’ ಎನ್ನುವವರಿದ್ದಾರೆ. ಕಾಯುವುದು ಕಾನೂನಿನ ಮಾತೂ ಹೌದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳಲ್ಲಿ ಆಟಿಸಂ ಇದೆ. ಮಗುವಿಗೆ ತಕ್ಕ ಹೊಂದಾಣಿಕೆ ಮಾಡಿಕೊಡಬೇಕೆಂದು ಆ ಕಾಯ್ದೆ ಶಾಲೆಗಳಿಗೆ ಹೇಳುತ್ತದೆ. ಎಡಿಎಚ್‌ಡಿಗೆ ಆ ಪಟ್ಟಿಯಲ್ಲಿ ಪ್ರತ್ಯೇಕ ಜಾಗವಿಲ್ಲ, ಅದು ಸಿಗಬೇಕು. ಅಲ್ಲಿಯವರೆಗೆ ಶಿಕ್ಷಕರಲ್ಲಿ, ಮನೆಯ ಹಿರಿಯರಲ್ಲಿ ಕೇಳುವುದು ಇಷ್ಟೇ: ಎಬ್ಬಿಸುವ ಮೊದಲು ತಿಳಿಸಿ, ತಿಳಿಸಿದ ಮೇಲೆ ಕಾಯಿರಿ.